ವ್ಯಕ್ತಿಗತ ಸಮಾಜಕಾರ್ಯವು ವೃತ್ತಿಯಾಗಿ ಬೆಳೆದದ್ದು ಹೇಗೆ?

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ: ಕೇಸ್‌ವರ್ಕ್ ಎಂದು ಕರೆಯುವ, ಅಂದರೆ ಕಷ್ಟದಲ್ಲಿರುವ ಒಬ್ಬೊಬ್ಬರ ಸ್ಥಿತಿಯನ್ನೂ ಪ್ರತ್ಯೇಕವಾಗಿ ಅರಿತು ನೆರವಾಗುವ ವ್ಯಕ್ತಿಗತ ಸಮಾಜಕಾರ್ಯವು ದಾನಧರ್ಮದಿಂದ ಬೇರ್ಪಟ್ಟು ವೃತ್ತಿಯಾದದ್ದು ಯಾವಾಗ, ಮತ್ತು ಅದು ಫ್ರಾಯ್ಡನ ಮನೋವಿಶ್ಲೇಷಣೆಯಿಂದ ಹುಟ್ಟಿತೆಂಬ ಮಾತು ನಿಜವೇ. ಎರಡನೆಯದಕ್ಕೆ ಉತ್ತರ ಸುಲಭ: ನಿಜವಲ್ಲ. ಫ್ರಾಯ್ಡನ ಪ್ರಭಾವ ಈ ಕ್ಷೇತ್ರವನ್ನು ತಲುಪುವ ಹೊತ್ತಿಗೆ ಮನೆಭೇಟಿ, ವಿಚಾರಣೆ, ಕಡತ, ಪ್ರತಿ ಪ್ರಕರಣವನ್ನೂ ಕುಳಿತು ಚರ್ಚಿಸುವ ಪದ್ಧತಿ ಎಲ್ಲವೂ ಬಳಕೆಯಲ್ಲಿದ್ದವು. ಈ ವಿಷಯವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸುತ್ತ ನನಗೆ ಮನದಟ್ಟಾಗಿರುವುದೇನೆಂದರೆ, ಇವೆಲ್ಲ ಹುಟ್ಟಿದ್ದು ಕರುಣೆಯಿಂದ ಎನ್ನುವುದಕ್ಕಿಂತ ಅನುಮಾನದಿಂದ; ಅನುಮಾನ ಕಟ್ಟಿಕೊಟ್ಟ ವಿಧಾನವನ್ನೇ ಮುಂದಿನವರು ಮನುಷ್ಯನನ್ನು ಅರಿಯುವುದಕ್ಕೆ ಬಳಸಿಕೊಂಡರು.

1869ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಚಾರಿಟಿ ಆರ್ಗನೈಸೇಷನ್ ಸೊಸೈಟಿಯ ಮೂಲ ಹೆಸರಿನಲ್ಲೇ ಭಿಕ್ಷಾಟನೆಯನ್ನು ಹತ್ತಿಕ್ಕುವ ಉದ್ದೇಶ ಸೇರಿತ್ತು. ಒಬ್ಬನೇ ಮನುಷ್ಯ ನಾಲ್ಕಾರು ಧರ್ಮಸಂಸ್ಥೆಗಳಿಂದ ನೆರವು ಪಡೆಯುತ್ತಿದ್ದಾನೆಂಬ ದೂರು ಆಗ ಸಾಮಾನ್ಯವಾಗಿತ್ತು. ಆದ್ದರಿಂದ ಅರ್ಜಿದಾರನ ಮನೆಗೆ ಹೋಗಿ, ನೆರೆಹೊರೆಯವರನ್ನೂ ಕೆಲಸ ಕೊಟ್ಟವರನ್ನೂ ವಿಚಾರಿಸಿ, ಅವನು ಸಹಾಯಕ್ಕೆ ಯೋಗ್ಯನೋ ಅಯೋಗ್ಯನೋ ಎಂದು ತೀರ್ಮಾನಿಸಿ, ಅದನ್ನು ಬರೆದಿಡುವ ಕ್ರಮ ರೂಢಿಗೆ ಬಂತು. 1877ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಇಂಥದೇ ಸಂಸ್ಥೆ ಪ್ರಾರಂಭವಾಯಿತು. ಅಮೆರಿಕದ ಇಂಥ ಸಂಸ್ಥೆಗಳ ಪರವಾಗಿ ಬಡವರ ಮನೆಗಳಿಗೆ ಹೋಗುತ್ತಿದ್ದ ಸ್ನೇಹಭೇಟಿಗಾರರು ಹೆಚ್ಚಾಗಿ ಅನುಕೂಲಸ್ಥ ಮನೆತನದ ಮಹಿಳೆಯರು, ಸಂಬಳವಿಲ್ಲದೆ ದುಡಿಯುವವರು. ಭಿಕ್ಷೆ ಬೇಡ, ಸ್ನೇಹ ಕೊಡೋಣ ಎಂಬುದು ಅವರ ಘೋಷಣೆ. ಹಸಿದವನಿಗೆ ಆ ಘೋಷಣೆ ಹೇಗೆ ಕೇಳಿಸಿರಬಹುದೆಂಬುದನ್ನು ನೀವೇ ಊಹಿಸಿಕೊಳ್ಳಿ.

ಆದರೆ ಮನೆಮನೆಗೆ ಹೋಗಿ ಬರೆದಿಟ್ಟ ಟಿಪ್ಪಣಿಗಳು ಬರೆದವರ ನಂಬಿಕೆಯನ್ನೇ ಅಲುಗಾಡಿಸತೊಡಗಿದವು. 1893ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದಾಗ, ದುಡಿಯಲು ಸಿದ್ಧರಿದ್ದವರೂ ಬೀದಿಗೆ ಬಿದ್ದುದು ಕಣ್ಣೆದುರಿಗೇ ಇತ್ತು. ಬಡತನಕ್ಕೆ ಬಡವನ ನಡತೆಯೇ ಕಾರಣವೆಂದು ಹೇಳುವುದು ಕಷ್ಟವಾಯಿತು. ಇದೇ ಕಾಲದಲ್ಲಿ ಬಾಲ್ಟಿಮೋರ್‌ನ ಇಂಥದೇ ಸಂಸ್ಥೆಯಲ್ಲಿ ಮೇರಿ ರಿಚ್ಮಂಡ್ ಇದ್ದರು. ಕಾಲೇಜಿನ ಮೆಟ್ಟಿಲು ಹತ್ತದ ಅವರು 1889ರಲ್ಲಿ ಲೆಕ್ಕಪತ್ರದ ಸಹಾಯಕಿಯಾಗಿ ಸೇರಿ, ಸ್ವತಃ ಮನೆಭೇಟಿಗೆ ಹೋಗುತ್ತ ಕೆಲಸ ಕಲಿತವರು. ಒಳ್ಳೆಯ ಮನಸ್ಸೊಂದೇ ಸಾಲದು, ಈ ಕೆಲಸಕ್ಕೆ ತರಬೇತಿ ಶಾಲೆ ಬೇಕು ಎಂದು ಅವರು ದಾನಸಂಸ್ಥೆಗಳ 1897ರ ರಾಷ್ಟ್ರೀಯ ಸಮ್ಮೇಳನದಲ್ಲಿ ವಾದಿಸಿದರು. ಮರುವರ್ಷವೇ ನ್ಯೂಯಾರ್ಕ್‌ನಲ್ಲಿ ಬೇಸಿಗೆ ತರಗತಿ ಆರಂಭವಾಯಿತು. ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆ ಬೆಳೆದದ್ದು ಆ ತರಗತಿಯಿಂದ. ಸಂಬಳ ಪಡೆದು ದುಡಿಯುವ, ತರಬೇತಿ ಹೊಂದಿದ ಕಾರ್ಯಕರ್ತರು ಸ್ವಯಂಸೇವಕರ ಸ್ಥಾನಕ್ಕೆ ಬರತೊಡಗಿದ್ದೂ ಈ ವರ್ಷಗಳಲ್ಲೇ. ಅತ್ತ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ವೈದ್ಯರು ಹೇಳಿದ ವಿಶ್ರಾಂತಿಯನ್ನೂ ಪೌಷ್ಟಿಕ ಆಹಾರವನ್ನೂ ರೋಗಿಯ ಮನೆಯ ಸ್ಥಿತಿ ಅಸಾಧ್ಯವಾಗಿಸುತ್ತದೆಂದು ಕಂಡುಕೊಂಡ ಡಾ. ರಿಚರ್ಡ್ ಕ್ಯಾಬಟ್ 1905ರಲ್ಲಿ ಸಮಾಜಕಾರ್ಯಕರ್ತರನ್ನು ನೇಮಿಸಿಕೊಂಡರು.

1915ರಲ್ಲಿ ದೊಡ್ಡ ಪೆಟ್ಟೊಂದು ಬಿತ್ತು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಪರಿಶೀಲನೆಯಿಂದ ಹೆಸರಾಗಿದ್ದ ಅಬ್ರಹಾಂ ಫ್ಲೆಕ್ಸ್‌ನರ್, ಸಮಾಜಕಾರ್ಯಕರ್ತರ ಸಮ್ಮೇಳನಕ್ಕೇ ಬಂದು, ನಿಮ್ಮದು ಇನ್ನೂ ವೃತ್ತಿಯಲ್ಲ, ನಿಮಗೆ ನಿಮ್ಮದೇ ಆದ, ಕಲಿಸಬಹುದಾದ ವಿಧಾನವಿಲ್ಲ ಎಂದು ಹೇಳಿದರು. ಎರಡು ವರ್ಷಗಳ ನಂತರ, 1917ರಲ್ಲಿ, ರಿಚ್ಮಂಡ್ ಅವರ ‘ಸೋಷಿಯಲ್ ಡಯಾಗ್ನೋಸಿಸ್’ (ಸಾಮಾಜಿಕ ರೋಗನಿದಾನ) ಪ್ರಕಟವಾಯಿತು. ಅದನ್ನು ಫ್ಲೆಕ್ಸ್‌ನರ್‌ಗೆ ಕೊಟ್ಟ ಉತ್ತರವೆಂದು ಹಲವರು ಓದುತ್ತಾರಾದರೂ ಅದರ ಸಿದ್ಧತೆ ಬಹಳ ಹಿಂದೆಯೇ ಶುರುವಾಗಿತ್ತು. ಗಮನಿಸಬೇಕಾದದ್ದು ಪುಸ್ತಕದ ಧಾಟಿ. ಶೀರ್ಷಿಕೆ ವೈದ್ಯಕೀಯದ್ದಾದರೂ ಒಳಗಿನ ತರ್ಕ ಬಹುಮಟ್ಟಿಗೆ ನ್ಯಾಯಶಾಸ್ತ್ರದ್ದು: ಯಾರ ಮಾತು ಸಾಕ್ಷ್ಯ, ಯಾವುದು ಕೇಳಿಕೆಯ ಮಾತು, ಸಾಂದರ್ಭಿಕ ಸಾಕ್ಷ್ಯಕ್ಕೆ ಎಷ್ಟು ಬೆಲೆ, ತನಿಖೆ ಮಾಡುವವರ ಪೂರ್ವಗ್ರಹ ಎಲ್ಲಿ ನುಸುಳುತ್ತದೆ ಎಂಬ ಪ್ರಶ್ನೆಗಳನ್ನು ಅದು ಸಾವಧಾನವಾಗಿ ಪರಿಶೀಲಿಸುತ್ತದೆ. ಹಳೆಯ ವಿಚಾರಣೆಯ ಹತ್ಯಾರುಗಳೇ ಇಲ್ಲಿಯೂ ಇವೆ, ಆದರೆ ಯೋಗ್ಯನೇ ಎಂಬ ಪ್ರಶ್ನೆಯ ಜಾಗದಲ್ಲಿ ಈ ವ್ಯಕ್ತಿಗೂ ಇವನ ಪರಿಸರಕ್ಕೂ ನಡುವೆ ಏನಾಗಿದೆ ಎಂಬ ಪ್ರಶ್ನೆ ಬಂದು ಕುಳಿತಿದೆ. ವೃತ್ತಿಯಾದ ಒಂದೇ ವರ್ಷವನ್ನು ಹೇಳಲೇಬೇಕೆಂದು ನೀವು ಒತ್ತಾಯಿಸಿದರೆ ನಾನು 1917 ಎನ್ನುತ್ತೇನೆ.

ಮನಶ್ಶಾಸ್ತ್ರ ಬಂದದ್ದು ಇದಾದ ಮೇಲೆ, ಮೊದಲ ಮಹಾಯುದ್ಧದ ದಾರಿಯಿಂದ. ಯುದ್ಧದಲ್ಲಿ ಮನಸ್ಸು ಕದಡಿದ ಸೈನಿಕರ ಆರೈಕೆಗೆಂದು 1918ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ತರಬೇತಿ ಆರಂಭವಾಯಿತು. ಅದರ ಹಿಂದಿದ್ದ ಮೇರಿ ಜ್ಯಾರೆಟ್, ರಿಚ್ಮಂಡ್ ಪುಸ್ತಕದ ಪ್ರಕರಣಗಳಲ್ಲೇ ಸುಮಾರು ಅರ್ಧದಷ್ಟು ಮಾನಸಿಕ ಸಮಸ್ಯೆಗಳೆಂದು ಮರುವರ್ಷ ವಾದಿಸಿದರು. ಇದಕ್ಕಿಂತ ನಿರ್ಣಾಯಕವಾದದ್ದು, ಪಠ್ಯಗಳಲ್ಲಿ ಅಷ್ಟಾಗಿ ಒತ್ತು ಸಿಗದ 1930ರ ದಶಕದ ಹಣಕಾಸಿನ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. ಮಹಾ ಆರ್ಥಿಕ ಕುಸಿತದಲ್ಲಿ ಖಾಸಗಿ ಸಂಸ್ಥೆಗಳ ಹಣ ಬರಿದಾಗಿ, 1933ರಿಂದ ಪರಿಹಾರ ವಿತರಣೆ ಸರ್ಕಾರದ ಹೊಣೆಯಾಯಿತು. 1935ರ ಸಾಮಾಜಿಕ ಭದ್ರತಾ ಕಾಯ್ದೆ ಅದನ್ನು ಸ್ಥಿರಗೊಳಿಸಿತು. ಹಣ ಹಂಚುವ ಹೊರೆ ಇಳಿದ ಖಾಸಗಿ ಸಂಸ್ಥೆಗಳಿಗೆ ಉಳಿದದ್ದು ಆಪ್ತಸಮಾಲೋಚನೆ. ಫ್ರಾಯ್ಡನನ್ನು ಅನುಸರಿಸಿ ಸಮಸ್ಯೆಯ ಮೂಲವನ್ನು ವ್ಯಕ್ತಿಯ ಹಿಂದಿನ ಬದುಕಿನಲ್ಲಿ ಹುಡುಕಿದ ರೋಗನಿದಾನ ಪಂಥಕ್ಕೂ, ಫ್ರಾಯ್ಡನಿಂದ ದೂರ ಸರಿದ ಮನೋವಿಶ್ಲೇಷಕ ಆಟೋ ರ್‍ಯಾಂಕ್‌ನಿಂದ ಪ್ರೇರಿತವಾಗಿ ವ್ಯಕ್ತಿಯ ಸ್ವಂತ ಇಚ್ಛಾಶಕ್ತಿಗೂ ಸಂಸ್ಥೆಯ ಕಾರ್ಯವ್ಯಾಪ್ತಿಗೂ ಒತ್ತು ಕೊಟ್ಟ ಪೆನ್ಸಿಲ್ವೇನಿಯಾದ ಕಾರ್ಯಾತ್ಮಕ ಪಂಥಕ್ಕೂ ನಡೆದ ದೀರ್ಘ ಜಗಳ ಸಾಧ್ಯವಾದದ್ದೇ ಈ ಬಿಡುವಿನಲ್ಲಿ. 1957ರಲ್ಲಿ ಸಮಾಜಕಾರ್ಯದ ಅಧ್ಯಾಪಕಿ ಹೆಲೆನ್ ಹ್ಯಾರಿಸ್ ಪರ್ಲ್‌ಮನ್ ಸಮಸ್ಯಾ ಪರಿಹಾರದ ವಿಧಾನವನ್ನು ಮುಂದಿಟ್ಟು ಎರಡೂ ಪಂಥಗಳಿಂದ ಬೇಕಾದುದನ್ನು ತೆಗೆದುಕೊಂಡರು. 1973ರಲ್ಲಿ ಸಮಾಜಕಾರ್ಯದ ಸಂಶೋಧಕ ಜೋಯೆಲ್ ಫಿಷರ್, ಇದುವರೆಗಿನ ಅಧ್ಯಯನಗಳಲ್ಲಿ ಕೇಸ್‌ವರ್ಕ್ ಫಲ ಕೊಟ್ಟದ್ದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದಾಗ ವೃತ್ತಿಯೊಳಗೇ ಕೋಲಾಹಲವೆದ್ದಿತು.

ಭಾರತಕ್ಕೆ ಇದು ಬಂದದ್ದು 1936ರಲ್ಲಿ, ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ನರ ನಿರ್ದೇಶನದಲ್ಲಿ ಮುಂಬಯಿಯಲ್ಲಿ ತೆರೆದ, ಈಗ ಟಾಟಾ ಸಮಾಜವಿಜ್ಞಾನ ಸಂಸ್ಥೆ ಎನಿಸಿರುವ ಶಾಲೆಯ ಮೂಲಕ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಮನೋವೈದ್ಯಕೀಯ ಸಮಾಜಕಾರ್ಯದ ಮುಖ್ಯ ಕೇಂದ್ರವಾಗಿದೆ. ಅಮೆರಿಕದ ಪಠ್ಯಗಳು ನೆರವು ಕೇಳಿ ಬಂದ ಸೇವಾರ್ಥಿ ಒಬ್ಬನೇ ಎದುರು ಕುಳಿತಿದ್ದಾನೆಂದು ಭಾವಿಸಿಕೊಂಡು ಬರೆದಂಥವು. ಇಲ್ಲಿ ರೋಗಿಯ ಜೊತೆ ತಾಯಿ, ಅಣ್ಣ, ಸೋದರಮಾವ ಎಲ್ಲರೂ ಒಳಗೆ ಬರುತ್ತಾರೆ, ಕೇಳಿದ ಪ್ರಶ್ನೆಗೆ ಉತ್ತರವನ್ನು ಹಲವು ಸಲ ಅವರೇ ಕೊಡುತ್ತಾರೆ. ಯಾರ ಮಾತನ್ನು ಎಷ್ಟರಮಟ್ಟಿಗೆ ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕೆಂಬ ರಿಚ್ಮಂಡ್ ಅವರ ಅಧ್ಯಾಯಗಳು ಅಲ್ಲಿ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳಿಗೆ ಫ್ರಾಯ್ಡನಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿವೆ.