ಓದುಗರ ಪ್ರಶ್ನೆ: ಮನೆಗೆ ಮೊದಲ ನಾಯಿ, ಅದೂ ಶೆಲ್ಟರ್‌ನಿಂದ

ಬೀದಿಯಿಂದಲೋ, ದಿಕ್ಕಿಲ್ಲದ ನಾಯಿಗಳ ಆಶ್ರಯತಾಣವಾದ ಶೆಲ್ಟರ್‌ನಿಂದಲೋ ನಾಯಿ ತಂದು ಸಾಕಬೇಕೆಂದಿರುವ, ಈ ಹಿಂದೆ ನಾಯಿ ಸಾಕಿ ಗೊತ್ತಿಲ್ಲದ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮೂರನೇ ಮಹಡಿಯ ಫ್ಲ್ಯಾಟು. ವಾರಕ್ಕೆ ಮೂರು ದಿನ ಆಫೀಸು, ಉಳಿದ ದಿನ ಮನೆಯಿಂದಲೇ ಕೆಲಸ. ಶೆಲ್ಟರ್‌ನಿಂದ ಎರಡು ತಿಂಗಳ ಮರಿ ತರೋಣ ಅಂತಿದ್ದೇವೆ. ಚಿಕ್ಕಂದಿನಿಂದ ಸಾಕಿದರೆ ಮಾತ್ರ ನಾಯಿ ನಮ್ಮದಾಗುತ್ತದೆ ಅಂತಾರೆ. ಗಂಡು ತರಬೇಕೋ ಹೆಣ್ಣೋ?
— ಬೆಂಗಳೂರಿನ ಓದುಗರು

ಮರಿ ಬೇಡ. ಎರಡು ತಿಂಗಳ ಮರಿ ಎರಡು-ಮೂರು ಗಂಟೆಗೊಮ್ಮೆ ಉಚ್ಚೆ ಹೊಯ್ಯುತ್ತದೆ, ರಾತ್ರಿಯೂ ಬಿಡುವಿಲ್ಲ. ಲಸಿಕೆಗಳು ಮುಗಿಯುವುದು ನಾಲ್ಕು ತಿಂಗಳ ಹೊತ್ತಿಗೆ. ಅಲ್ಲಿಯವರೆಗೆ ಬೀದಿ ನಾಯಿಗಳು ಓಡಾಡುವ ನೆಲದಲ್ಲಿ ಬಿಡುವಂತಿಲ್ಲ. ನೀವು ಆಫೀಸಿಗೆ ಹೋಗುವ ಆ ಮೂರು ದಿನ ಮರಿಯನ್ನು ನೋಡಿಕೊಳ್ಳುವವರು ಯಾರು? ಜೊತೆಗೆ, ಅಪ್ಪ ಯಾರೆಂದೇ ಗೊತ್ತಿಲ್ಲದ ಮರಿ ಹತ್ತು ಕಿಲೋ ಆಗುತ್ತದೋ ಇಪ್ಪತ್ತೈದೋ ಹೇಳಲಾಗದು. ಪಂಜ ದಪ್ಪಗಿದ್ದರೆ ದೊಡ್ಡ ನಾಯಿ ಆಗುತ್ತದೆ ಎಂಬ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ.

ಎರಡರಿಂದ ನಾಲ್ಕು ವರ್ಷದ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಡನಾಯಿ ನಿಮಗೆ ಸರಿ. ಗಾತ್ರ, ಕೂದಲು, ಸ್ವಭಾವ ಎಲ್ಲ ಆಗಲೇ ಕಣ್ಣ ಮುಂದಿರುತ್ತದೆ. ದೊಡ್ಡ ನಾಯಿ ಹೊಸ ಮನೆಗೆ ಒಗ್ಗುವುದಿಲ್ಲ ಎಂಬುದು ಬರೀ ಮಾತು. ಶಸ್ತ್ರಚಿಕಿತ್ಸೆ ಆದಮೇಲೆ ಗಂಡು-ಹೆಣ್ಣಿನ ನಡುವೆ ನಿಮ್ಮ ಮನೆಯ ಮಟ್ಟಿಗೆ ದೊಡ್ಡ ವ್ಯತ್ಯಾಸವಿಲ್ಲ.

ಶೆಲ್ಟರ್‌ಗೆ ಒಮ್ಮೆ ಹೋಗಿ ಅವತ್ತೇ ನಾಯಿ ತರಬೇಡಿ. ಕನಿಷ್ಠ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಮೊದಲ ದಿನ ಗೂಡಿನ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಸುಮ್ಮನೆ ನೋಡಿ. ಕಂಬಿಗೆ ಹಾರಿ ಬೊಗಳುವ ನಾಯಿಯನ್ನು ಅಷ್ಟಕ್ಕೇ ಪಟ್ಟಿಯಿಂದ ತೆಗೆಯಬೇಡಿ. ಸುತ್ತ ಐವತ್ತು ನಾಯಿ ಬೊಗಳುವಾಗ ಅದೂ ಬೊಗಳುತ್ತದೆ, ಹೊರಗೆ ಬಂದರೆ ಬೇರೆಯೇ ನಾಯಿ.

ಎರಡನೇ ಸಲ ಅರ್ಧ ಗಂಟೆ ಹೊರಗೆ ನಡೆಸಿ. ಆಟೋ, ಸ್ಕೂಟರು, ಹೆಲ್ಮೆಟ್ ಹಾಕಿದವರು ಎದುರಾದಾಗ ಏನು ಮಾಡುತ್ತದೆ ನೋಡಿ. ಬೆಚ್ಚಿದರೆ ತಪ್ಪೇನಿಲ್ಲ. ಬೆಚ್ಚಿದ ಮೇಲೆ ಮತ್ತೆ ನೆಲ ಮೂಸಲು ಎಷ್ಟು ಹೊತ್ತು ಬೇಕಾಯಿತು ಎಂಬುದೇ ಮುಖ್ಯ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಸುಧಾರಿಸಿಕೊಂಡರೆ ಒಳ್ಳೆಯದು. ಬಾಲ ಕಾಲ ಸಂದಿಗೆ ಸೇರಿ ಹತ್ತು ನಿಮಿಷವಾದರೂ ಹೊರಬರದಿದ್ದರೆ, ಬೇಯಿಸಿದ ಕೋಳಿ ತುಂಡು ಮೂಗಿನ ಮುಂದಿಟ್ಟರೂ ತಿನ್ನದಿದ್ದರೆ, ನಗರದ ಬೀದಿ ಅದಕ್ಕಿನ್ನೂ ಬೆಂಕಿಯಂತೆ.

ಮೂರನೇ ಸಲ ಒಂದು ಕೋಣೆಯೊಳಗೆ ನೆಲದ ಮೇಲೆ ಕುಳಿತುಕೊಳ್ಳಿ, ಕರೆಯಬೇಡಿ. ತಾನಾಗಿ ಬಂದರೆ ಎದೆಯ ಪಕ್ಕ ಸವರಿ, ಮೂರು ಸೆಕೆಂಡಿಗೆ ಕೈ ತೆಗೆಯಿರಿ. ಇನ್ನೂ ಬೇಕು ಎಂದು ಮೈ ಒತ್ತುತ್ತದೋ, ದೂರ ಸರಿಯುತ್ತದೋ? ಕಿವಿ, ಪಂಜ ಮುಟ್ಟಿಸಿಕೊಳ್ಳುತ್ತದೆಯೇ? ಐದು ನಿಮಿಷ ಒಂಟಿಯಾಗಿ ಬಿಟ್ಟು ಬಾಗಿಲಾಚೆ ನಿಂತು ಕೇಳಿ. ಸ್ವಲ್ಪ ಕುಂಯ್‌ಗುಟ್ಟಿ ಸುಮ್ಮನಾದರೆ ಸರಿ. ಬಾಗಿಲು ಕೆರೆದು ಜೊಲ್ಲು ಸುರಿಸಿ ಊಳಿಟ್ಟರೆ ಫ್ಲ್ಯಾಟಿನಲ್ಲಿ ನಿಮಗೂ ನೆರೆಯವರಿಗೂ ಕಷ್ಟ.

ಕೇಳಬೇಕಾದ್ದನ್ನು ಕಚೇರಿಯಲ್ಲಿ ಕುಳಿತವರಿಗಿಂತ ಗೂಡು ತೊಳೆದು ಊಟ ಹಾಕುವವರ ಬಳಿ ಕೇಳಿ. ಎಷ್ಟು ದಿನದಿಂದ ಇದೆ, ಹೇಗೆ ಬಂತು, ಯಾರಾದರೂ ಒಯ್ದು ವಾಪಸ್ ತಂದು ಬಿಟ್ಟಿದ್ದಾರಾ, ಯಾಕೆ? ಯಾವ ನಾಯಿಯ ಜೊತೆ ಇರಿಸಿದ್ದಾರೆ? ಊಟದ ತಟ್ಟೆಯ ಹತ್ತಿರ ಹೇಗೆ? ಗಂಡಸರನ್ನು ಕಂಡರೆ, ಪೊರಕೆ ಕಂಡರೆ ಏನು ಮಾಡುತ್ತದೆ? ಸಾಧ್ಯವಾದರೆ ಎರಡು ವಾರ ಪ್ರಯೋಗಕ್ಕೆ ಒಯ್ಯುವ ಅವಕಾಶ ಕೇಳಿ.

ಇನ್ನೊಂದು ಮಾತು, ಸ್ವಲ್ಪ ಕಟುವಾದದ್ದು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತ ನಾಯಿಯನ್ನು ಕಂಡು ಕರುಳು ಚುರ್ ಎನ್ನುತ್ತದೆ, ಹೊಸಬರು ಅದನ್ನೇ ಆರಿಸುತ್ತಾರೆ. ಅಂಥ ನಾಯಿಗೆ ಅನುಭವಸ್ಥರ ಮನೆ, ಇನ್ನೊಂದು ಧೈರ್ಯದ ನಾಯಿಯ ಸಂಗ, ತಿಂಗಳುಗಟ್ಟಲೆ ತಾಳ್ಮೆ ಬೇಕು. ಕರುಣೆ ತೋರಿಸಲೇಬೇಕೆಂದಿದ್ದರೆ ಮೂರು ಕಾಲಿನ ನಾಯಿಯನ್ನು ನೋಡಿ. ಯಾರೂ ಕೇಳುವುದಿಲ್ಲ, ಆದರೆ ಸಾಕಲು ಬಹಳ ಸಲ ಅದೇ ಸುಲಭ. ಹೊತ್ತು ತಿರುಗುವ ಮೈಭಾರ ಹೆಚ್ಚಾಗದಂತೆ ನೋಡಿಕೊಂಡರೆ ಸಾಕು.

ನಾಯಿ ಬರುವ ಮೊದಲೇ ಬಾಲ್ಕನಿಗೆ ಬಲೆ ಹಾಕಿಸಿ.

ನಮ್ಮದು ಸಸ್ಯಾಹಾರಿ ಮನೆ. ಮೊಸರನ್ನ ಹಾಕಿ ಸಾಕಬಹುದೇ?
— ಉಡುಪಿಯ ಓದುಗರು

ಮೊಸರನ್ನ ಒಂದೇ ಆದರೆ ಸಾಲದು. ಹೊಟ್ಟೆ ತುಂಬುತ್ತದೆ, ಪ್ರೋಟೀನೂ ಖನಿಜಗಳೂ ಸಾಕಷ್ಟು ಸಿಗುವುದಿಲ್ಲ. ಕೆಲವು ತಿಂಗಳಲ್ಲಿ ಕೂದಲು ಉದುರಿ, ಸ್ನಾಯು ಕರಗುತ್ತದೆ. ನಾಯಿ ಬೆಕ್ಕಿನಂತಲ್ಲ, ಸರಿಯಾಗಿ ರೂಪಿಸಿದ ಸಸ್ಯಾಹಾರದಲ್ಲೂ ವಯಸ್ಕ ನಾಯಿ ಬದುಕಬಲ್ಲದು. ನಾಯಿಗಳಿಗೆಂದೇ ತಯಾರಿಸಿದ, ‘ಸಂಪೂರ್ಣ ಆಹಾರ’ ಎಂದು ಬರೆದಿರುವ ಸಸ್ಯಾಹಾರಿ ಪೊಟ್ಟಣ ಸಿಗುತ್ತದೆ. ಪ್ರೋಟೀನು ಶೇ 18ಕ್ಕಿಂತ ಕಡಿಮೆ ಇರಬಾರದು. ಹದಿನೈದು ಕಿಲೋ ನಾಯಿಗೆ ದಿನಕ್ಕೆ ಸುಮಾರು 200ರಿಂದ 250 ಗ್ರಾಂ, ಎರಡು ಹೊತ್ತಿಗೆ ಹಂಚಿ. ಮನೆಯವರು ಒಪ್ಪಿದರೆ ಬೇಯಿಸಿದ ಮೊಟ್ಟೆ ಸೇರಿಸಿದರೆ ಒಳ್ಳೆಯದು. ಬೆಳೆಯುವ ಮರಿಯನ್ನು ಮಾತ್ರ ಸಸ್ಯಾಹಾರದಲ್ಲಿ ಸಾಕುವ ಪ್ರಯೋಗ ಮಾಡಬೇಡಿ.

ಅಪಾಯ ಇರುವುದು ಉಳಿದ ಅಡುಗೆಯಲ್ಲಿ. ಹುಳಿ-ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೆತ.

ಮನೆ ಪಕ್ಕದ ಸೈಟಿನಲ್ಲಿ ಬೀದಿ ನಾಯಿ ಐದು ಮರಿ ಹಾಕಿದೆ. ತಿಂಗಳಾಗಿರಬಹುದು. ಒಂದನ್ನು ಈಗಲೇ ಒಳಗೆ ತಂದುಬಿಡಲೇ? ಹೋದ ವರ್ಷ ನಮ್ಮಲ್ಲಿದ್ದ ಮರಿ ರಕ್ತಭೇದಿಯಾಗಿ ಸತ್ತಿತ್ತು.
— ಹಾಸನದ ಓದುಗರು

ಈಗಲೇ ಬೇಡ, ಎಂಟು ವಾರ ತುಂಬಲಿ. ಕಚ್ಚುವಾಗ ಎಷ್ಟು ಜೋರು ಕಚ್ಚಬಾರದು ಎಂಬುದನ್ನು ಮರಿ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಕಲಿಯುವುದು ಈ ವಾರಗಳಲ್ಲೇ. ಬೇಗ ತಂದ ಮರಿ ಮುಂದೆ ಕೈ-ಕಾಲು ಕಚ್ಚುವ ಚಾಳಿ ಬಿಡದೆ ಕಾಡಬಹುದು. ಅಲ್ಲಿಯವರೆಗೆ ತಾಯಿಗೆ ಊಟ ಹಾಕಿ, ಮರಿಗಳನ್ನು ದಿನಾ ಸ್ವಲ್ಪ ಹೊತ್ತು ಎತ್ತಿ ಆಡಿಸಿ. ಮೂರರಿಂದ ಹದಿನಾಲ್ಕನೇ ವಾರದೊಳಗೆ ಮನುಷ್ಯರ ಕೈ, ಮಿಕ್ಸಿ ಸದ್ದು, ಮಕ್ಕಳ ಗಲಾಟೆ ಕಂಡ ಮರಿ ಆಮೇಲೆ ಅವಕ್ಕೆ ಹೆದರುವುದು ಕಡಿಮೆ.

ವಯಸ್ಸು ತಿಳಿಯಲು ಹಲ್ಲು ನೋಡಿ. ಆರರಿಂದ ಎಂಟು ವಾರಕ್ಕೆ ಹಾಲುಹಲ್ಲುಗಳು ಪೂರ್ತಿ ಬಂದಿರುತ್ತವೆ, ಸೂಜಿಯಂತೆ ಚೂಪು. ಮುಂದಿನ ಪುಟ್ಟ ಹಲ್ಲುಗಳು ಬಿದ್ದು ಅಗಲದ ಹೊಸವು ಬರುವುದು ಮೂರು-ನಾಲ್ಕು ತಿಂಗಳಿಗೆ, 42 ಹಲ್ಲೂ ಪೂರ್ತಿಯಾಗುವುದು ಆರೇಳು ತಿಂಗಳಿಗೆ.

ಹೋದ ವರ್ಷದ ಮರಿ ಸತ್ತದ್ದು ಪಾರ್ವೋ ಸೋಂಕಿನಿಂದ ಇದ್ದಿರಬಹುದು. ಆ ವೈರಾಣು ಮಣ್ಣಿನಲ್ಲಿ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಮೊದಲು ಸೋಪು ಹಾಕಿ ಉಜ್ಜಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ ಮೂವತ್ತು ಪಾಲು ನೀರು ಬೆರೆಸಿ ನೆಲಕ್ಕೆ ಬಳಿದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹಳೆಯ ಗೋಣಿ, ತಟ್ಟೆ ಬಿಸಾಡಿ. ಮಣ್ಣಿನ ಅಂಗಳವನ್ನು ಹೀಗೆ ಶುದ್ಧ ಮಾಡಲಾಗದು. ಹಾಗಾಗಿ ಲಸಿಕೆ ಪೂರ್ತಿಯಾದ ದೊಡ್ಡ ನಾಯಿ ತರುವುದೇ ನಿಮಗೆ ಸುರಕ್ಷಿತ.

ಮರಿಯೇ ಬೇಕೆಂದರೆ ಆರರಿಂದ ಎಂಟು ವಾರಕ್ಕೆ ಮೊದಲ ಸಂಯುಕ್ತ ಲಸಿಕೆ (ಪಾರ್ವೋ ಸಹಿತ ಹಲವು ರೋಗಗಳಿಗೆ ಒಂದೇ ಚುಚ್ಚುಮದ್ದು), ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಎಷ್ಟೋ ಮರಿಗಳು ಸಾಯುವುದು ಒಂದು ಚುಚ್ಚುಮದ್ದು ಹಾಕಿಸಿ ‘ಆಯ್ತಲ್ಲ’ ಎಂದು ಸುಮ್ಮನಾದ ಮನೆಗಳಲ್ಲಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆ ಕೆಲಸ ಮಾಡದಂತೆ ತಡೆಯಬಹುದು, ಅದಕ್ಕೇ ಮತ್ತೆ ಮತ್ತೆ ಹಾಕುವುದು.

ತಾಯಿಗೂ ಶಸ್ತ್ರಚಿಕಿತ್ಸೆ ಮಾಡಿಸಿ, ಇಲ್ಲದಿದ್ದರೆ ಮುಂದಿನ ಬೆದೆಗೆ ಇನ್ನೈದು. ಕಿವಿಯಲ್ಲಿ ಕತ್ತರಿಸಿದ ಗುರುತು ಇರುವ ಬೀದಿ ನಾಯಿಗೆ ಅದು ಆಗಲೇ ಆಗಿದೆ ಎಂದರ್ಥ.

ಐದು ವರ್ಷದ ಮಗ, ಎಪ್ಪತ್ತು ದಾಟಿದ ಅತ್ತೆ ಮನೆಯಲ್ಲಿದ್ದಾರೆ. ಮೆಚ್ಚಿದ ನಾಯಿ ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಎನ್ನುತ್ತದೆ. ಉಳಿದಂತೆ ಬಹಳ ಮುದ್ದು.
— ಮೈಸೂರಿನ ಓದುಗರು

ನಿಮ್ಮ ಮನೆಗೆ ಈ ನಾಯಿ ಬೇಡ. ಮಕ್ಕಳಿಲ್ಲದ ಮನೆಯಲ್ಲಿ ಇದು ನಿಭಾಯಿಸಬಹುದಾದ ಗುಣ. ಐದು ವರ್ಷದ ಹುಡುಗ ಮಾತ್ರ ಬಿದ್ದ ಬಿಸ್ಕತ್ತು ಎತ್ತಿಕೊಳ್ಳಲು ಬಗ್ಗುತ್ತಾನೆ, ಅವನ ಮುಖ ನಾಯಿಯ ಬಾಯಿಯ ಮಟ್ಟಕ್ಕೇ ಇರುತ್ತದೆ. ಗುರ್ ಎಂದದ್ದಕ್ಕೆ ಹೊಡೆದು ಬಿಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗುರ್ ಎನ್ನುವುದು ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ಹನ್ನೆರಡರಿಂದ ಹದಿನೆಂಟು ಕಿಲೋದೊಳಗಿನ, ಮಕ್ಕಳಿದ್ದ ಮನೆಯಲ್ಲಿ ಇದ್ದು ಬಂದ ವಯಸ್ಕ ನಾಯಿ ಹುಡುಕಿ. ಮೈಮೇಲೆ ಹಾರುವ ಮೂವತ್ತು ಕಿಲೋ ಲ್ಯಾಬ್ರಡಾರ್ ಎಷ್ಟು ಸಾಧುವಾದರೂ ಅತ್ತೆಯವರನ್ನು ಬೀಳಿಸಿಬಿಡಬಹುದು. ಮಗನನ್ನು ಕರೆದೊಯ್ದಾಗ ನಾಯಿ ತಾನಾಗಿ, ಮೈ ಸಡಿಲ ಬಿಟ್ಟು ಬರಬೇಕು. ಮೈ ಬಿಗಿದು ನಿಂತರೆ, ಕಣ್ಣಿನ ಬಿಳಿ ಕಂಡರೆ, ಊಟವಿಲ್ಲದೆಯೂ ತುಟಿ ನೆಕ್ಕುತ್ತ ಆಕಳಿಸಿದರೆ ‘ಎಷ್ಟು ಶಾಂತ’ ಅಂದುಕೊಳ್ಳಬೇಡಿ, ಅದು ತಡೆದುಕೊಳ್ಳುತ್ತಿದೆ. ತಂದ ಮೇಲೂ ಮಗ, ನಾಯಿ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. ಹಲ್ಲು ತಾಗಿ ಚರ್ಮ ಗೀಚಿದರೂ ಹರಿಯುವ ನೀರು, ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

‘ವಿದೇಶಕ್ಕೆ ಹೋಗುತ್ತಿದ್ದೇವೆ, ಲ್ಯಾಬ್ರಡಾರ್ ಉಚಿತ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಂಬಬಹುದೇ?
— ಹುಬ್ಬಳ್ಳಿಯ ಓದುಗರು

ನಾಯಿಯನ್ನು ಅದು ಇರುವ ಮನೆಯಲ್ಲೇ ನೋಡಿ. ಬಸ್ ಸ್ಟ್ಯಾಂಡಿಗೆ ತರುತ್ತೇವೆ ಎಂದರೆ ಬೇಡ. ಸಾಗಾಟದ ಹಣ ಮೊದಲೇ ಕಳಿಸಿ ಎಂದರೆ ಅದು ವಂಚನೆ. ಲಸಿಕೆ ಪುಸ್ತಕ ಕೇಳಿ, ಅದರಲ್ಲಿರುವ ವೈದ್ಯರಿಗೆ ಫೋನ್ ಮಾಡಿ. ಹೆಣ್ಣಾಗಿದ್ದು ಮೊಲೆತೊಟ್ಟು ಜೋತು, ಹೊಟ್ಟೆಯಲ್ಲಿ ಹೊಲಿಗೆ ಗುರುತಿದ್ದರೆ ಮರಿ ಮಾರುವವರು ಬಳಸಿ ಬಿಟ್ಟದ್ದಿರಬಹುದು. ಅಂಥದ್ದು ಬೇಡವೆಂದಲ್ಲ, ಆದರೆ ಸುಳ್ಳು ಕತೆಯ ಹಿಂದೆ ರೋಗವೂ ಇರಬಹುದು. ಮಲಗಿದ ನಾಯಿ ಏಳುವುದನ್ನು ನೋಡಿ. ಹಿಂಗಾಲು ಎಳೆದು ಕಷ್ಟದಿಂದ ಎದ್ದರೆ, ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸಿದರೆ, ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿದ ಮೇಲೇ ಮಾತು.

ಮೂರು ವರ್ಷದ ಮುಧೋಳ ನಾಯಿಯೊಂದನ್ನು ಬಿಟ್ಟುಹೋಗಿದ್ದಾರೆ. ಹೊಲದ ಮನೆಗೆ ತರಬಹುದೇ?
— ಗದಗದ ಓದುಗರು

ಹೊಲಕ್ಕೆ ಸುತ್ತ ಬೇಲಿ ಇದೆಯೇ, ಕೋಳಿ ಇವೆಯೇ? ಇವು ನೋಟದಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲವೋ ಬೆಕ್ಕೋ ಕದಲಿದರೆ ಕರೆದದ್ದು ಕಿವಿಗೇ ಬೀಳದು. ಆರಡಿ ಬೇಲಿ ಇದ್ದು ಕೋಳಿ ಇಲ್ಲದಿದ್ದರೆ ತನ್ನಿ. ಕೋಳಿ ಇದ್ದರೆ ಬೇಡ. ತಲೆಗಿಂತ ಕುತ್ತಿಗೆ ದಪ್ಪ, ಸಾಮಾನ್ಯ ಕಾಲರ್ ತಲೆಯ ಮೇಲಿಂದ ಜಾರಿ ಕಳಚುತ್ತದೆ. ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ತೊಡಿಸಿ. ಅಪರಿಚಿತರು ಮುಟ್ಟುವುದು ಇವಕ್ಕೆ ಹಿಡಿಸದು. ಕೊನೆಯ ಎರಡು-ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜ, ‘ಬಡಕಲಾಗಿದೆ’ ಎಂದು ತಿನ್ನಿಸಿ ಕೊಬ್ಬಿಸಬೇಡಿ.

ಶೆಲ್ಟರ್‌ನವರು ಆರೋಗ್ಯವಾಗಿದೆ ಎಂದಿದ್ದಾರೆ. ಮತ್ತೆ ರಕ್ತಪರೀಕ್ಷೆ ಬೇಕೇ?
— ತುಮಕೂರಿನ ಓದುಗರು

ಬೇಕು. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರ ಕಳೆದ ಮೇಲೆ ಉಣ್ಣಿ ಜ್ವರ ಕಾಣಿಸಿಕೊಳ್ಳುತ್ತದೆ, ಹಾಗಾಗಿ ತರುವ ದಿನ ನಾಯಿ ಲವಲವಿಕೆಯಿಂದಲೇ ಇರಬಹುದು. ತಂದ ವಾರದಲ್ಲೊಮ್ಮೆ, ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಪ್ಲೇಟ್‌ಲೆಟ್ ಎಣಿಕೆ ಸಹಿತ ರಕ್ತಪರೀಕ್ಷೆ ಮಾಡಿಸಿ. ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಅವತ್ತೇ ವೈದ್ಯರ ಬಳಿ ಹೋಗಿ. ಬೀದಿಯಲ್ಲಿ ಬೆಳೆದ ನಾಯಿಯ ಜನನಾಂಗದಿಂದ ರಕ್ತ ಒಸರುತ್ತಿದ್ದರೆ ಸಂಪರ್ಕದಿಂದ ಹರಡುವ ಗಡ್ಡೆ ಇರಬಹುದು. ಹೆಸರು ಕೇಳಿ ಹೆದರುತ್ತಾರೆ, ಆದರೆ ವಾರಕ್ಕೊಂದರಂತೆ ನಾಲ್ಕರಿಂದ ಆರು ಚುಚ್ಚುಮದ್ದಿಗೆ ಬಹುಪಾಲು ನಾಯಿಗಳು ಗುಣವಾಗುತ್ತವೆ. ಅದೊಂದೇ ಕಾರಣಕ್ಕೆ ಒಳ್ಳೆಯ ನಾಯಿಯನ್ನು ಬಿಡಬೇಡಿ.

ತಂದು ನಾಲ್ಕು ದಿನವಾಯಿತು. ಮಂಚದ ಕೆಳಗೇ ಇದೆ. ರಾತ್ರಿ ಮಾತ್ರ ಸ್ವಲ್ಪ ತಿನ್ನುತ್ತದೆ. ತಪ್ಪು ನಾಯಿ ಆರಿಸಿದೆವಾ?
— ಶಿವಮೊಗ್ಗದ ಓದುಗರು

ನಾಲ್ಕು ದಿನಕ್ಕೆ ಏನೂ ಹೇಳಲಾಗದು. ರಾತ್ರಿ ತಿನ್ನುತ್ತಿದೆ, ನೀರು ಕುಡಿಯುತ್ತಿದೆ ಎಂದರೆ ಸರಿಯಾದ ದಾರಿಯಲ್ಲಿದೆ. ಇಡೀ ದಿನ ನೀರೇ ಮುಟ್ಟದಿದ್ದರೆ, ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ವೈದ್ಯರ ಬಳಿ ಓಡಿ. ಮಂಚದ ಕೆಳಗಿನಿಂದ ಎಳೆಯಬೇಡಿ, ಬಗ್ಗಿ ಬಗ್ಗಿ ನೋಡಬೇಡಿ. ತಟ್ಟೆಯನ್ನು ದಿನಕ್ಕೆ ಒಂದು ಗೇಣು ಆಚೆಗಿಡುತ್ತ ಬನ್ನಿ. ಸ್ನಾನ, ನೆಂಟರು, ಫೋಟೋ ಎಲ್ಲ ಒಂದೆರಡು ವಾರ ತಡವಾಗಲಿ. ಶೆಲ್ಟರ್‌ನಲ್ಲಿ ಕೊಡುತ್ತಿದ್ದ ಊಟವನ್ನೇ ಮುಂದುವರಿಸಿ, ಏಳೆಂಟು ದಿನದಲ್ಲಿ ಕಾಲು ಕಾಲು ಭಾಗ ಬದಲಿಸಿ.

ಹೊರಗೆ ಒಯ್ಯುವಾಗ ಕಾಲರ್‌ಗೊಂದು, ಹಾರ್ನೆಸ್‌ಗೊಂದು (ಎದೆ, ಬೆನ್ನು ಸುತ್ತುವ ಪಟ್ಟಿ) ಎರಡು ಹಗ್ಗ ಹಾಕಿ. ಕಾಲರ್ ಕೆಳಗೆ ಎರಡು ಬೆರಳು ಹಿಡಿಸುವಷ್ಟೇ ಸಡಿಲ, ಅದರಲ್ಲಿ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ. ಹೊಸ ನಾಯಿ ತಪ್ಪಿಸಿಕೊಳ್ಳುವುದು ಈ ಮೊದಲ ದಿನಗಳಲ್ಲೇ, ಅದೂ ಯಾರೋ ಬಾಗಿಲು ತೆಗೆದು ಕೊರಿಯರ್ ಇಸ್ಕೊಳ್ಳುವಾಗ. ಮೂರು ವಾರ ಕಳೆದ ಮೇಲೆ ಮತ್ತೆ ಬರೆಯಿರಿ.