ಗೊದಮೊಟ್ಟೆಯ ಬಾಯಿ ಮತ್ತು ಮರಗಪ್ಪೆಯ ವಂಶ

ಪ್ರಶ್ನೆ: ಮರಗಪ್ಪೆ ಪ್ರಭೇದಗಳ ಪರಸ್ಪರ ಸಂಬಂಧವನ್ನು ಅವುಗಳ ಗೊದಮೊಟ್ಟೆಗಳನ್ನು ನೋಡಿ ಗುರುತಿಸಬಹುದೇ?

ಉತ್ತರ: ಸ್ವಲ್ಪಮಟ್ಟಿಗೆ ಗುರುತಿಸಬಹುದು, ಆದರೆ ಮೋಸಹೋಗುವ ಸಾಧ್ಯತೆಯೂ ಇದೆ. ಗೊದಮೊಟ್ಟೆಯ ಬಾಯಿಯಲ್ಲಿ ಕೊಕ್ಕಿನಂತಹ ದವಡೆಯೂ ಅದರ ಸುತ್ತ ಸೂಕ್ಷ್ಮ ಹಲ್ಲುಗಳ ಸಾಲುಗಳೂ ಇರುತ್ತವೆ; ಹಲ್ಲು ಎಂದರೂ ಅವು ಮೂಳೆಯ ಮೇಲೆ ಬೆಳೆದವಲ್ಲ, ನಮ್ಮ ಉಗುರಿನಲ್ಲಿರುವಂತಹ ಕೆರಾಟಿನ್‌ನಿಂದಾದವು. ಮೇಲ್ತುಟಿಯಲ್ಲಿ 2, ಕೆಳತುಟಿಯಲ್ಲಿ 3 ಸಾಲುಗಳಿರುವುದು ಬಹಳ ಸಾಮಾನ್ಯ. ಆದರೆ ರಭಸದ ತೊರೆಗಳಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಗೊದಮೊಟ್ಟೆಗಳಲ್ಲಿ, ಅವು ಯಾವ ವಂಶಕ್ಕೆ ಸೇರಿದ್ದರೂ, ಬಾಯಿ ಅಗಲವಾಗಿ ಸಾಲುಗಳು ಹೆಚ್ಚಿರುತ್ತವೆ. ಗಿಡದ ಎಲೆಬುಡದಲ್ಲಿ ನಿಂತ ನೀರಿನಲ್ಲಿ ಬೆಳೆದು ಕಪ್ಪೆಯ ಮೊಟ್ಟೆಗಳನ್ನೇ ತಿನ್ನುವ ಜಮೈಕಾದ ಒಂದು ಮರಗಪ್ಪೆಯ ಮರಿಗಳಲ್ಲಿ ಅವು ತೀರಾ ಕಡಿಮೆ. ಇಂತಹ ಹೋಲಿಕೆ ರಕ್ತಸಂಬಂಧಕ್ಕಿಂತ ಬದುಕಿನ ರೀತಿಯನ್ನೇ ಹೇಳುತ್ತದೆ.

ವಯಸ್ಕ ಕಪ್ಪೆಗಳೂ ಇದೇ ರೀತಿ ದಾರಿ ತಪ್ಪಿಸುತ್ತವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹೈಲಿಡೇ ಮತ್ತು ರಾಕೊಫೊರಿಡೇ ಎಂಬ ಎರಡು ಮರಗಪ್ಪೆ ಕುಟುಂಬಗಳಿಗೂ ಬೆರಳ ತುದಿಯಲ್ಲಿ ಅಂಟುಬಿಲ್ಲೆಗಳಿವೆ. ಆದರೂ ಡಿಎನ್‌ಎ ಹೋಲಿಕೆಯ ಪ್ರಕಾರ ಮೊದಲನೆಯದು ನೆಲಗಪ್ಪೆಗಳಿಗೂ ಎರಡನೆಯದು ಕೊಳದ ಕಪ್ಪೆಗಳಿಗೂ ಹೆಚ್ಚು ಹತ್ತಿರ. ಆದ್ದರಿಂದ ವಿಜ್ಞಾನಿಗಳು ಡಿಎನ್‌ಎ ಆಧರಿಸಿ ವಂಶವೃಕ್ಷ ರಚಿಸಿ, ಹಲ್ಲುಸಾಲುಗಳು ಎಲ್ಲೆಲ್ಲಿ ಬದಲಾದವೆಂದು ಅದರ ಮೇಲೆ ಗುರುತಿಸುತ್ತಾರೆ.