ಮೂರು ದಿನದ ಸೋಲಾರ್ ತರಬೇತಿಗೆ ಸಾಲ ಮಾಡಬಹುದೇ?

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಸಮುದಾಯ ಸೌರ ಘಟಕದಲ್ಲಿ ಪಾಲು ಪಡೆದರೆ ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆಯೇ?

ಇಲ್ಲ. ಹಲವು ಮನೆಯವರು ಪಾಲು ಪಡೆದ ಆ ಘಟಕದ ವಿದ್ಯುತ್ ನೇರ ನಿಮ್ಮ ಮನೆಗೆ ಬರುವುದಿಲ್ಲ, ಗ್ರಿಡ್‌ಗೆ, ಅಂದರೆ ಎಲ್ಲರಿಗೂ ಕರೆಂಟ್ ಕೊಡುವ ಜಾಲಕ್ಕೆ ಸೇರುತ್ತದೆ. ನಿಮ್ಮ ಪಾಲಿನ ಲಾಭ ಬಿಲ್ಲಿನ ಕಡಿತವಾಗಿ ಬರುತ್ತದೆ, ಅಷ್ಟೇ.

ಪ್ರಶ್ನೆ: ಮಗ ಕೂಲಿಗೆ ಹೋಗುತ್ತಾನೆ. ಸಮುದಾಯ ಸೌರ ಘಟಕ ಕಟ್ಟುವುದನ್ನು ಮೂರೇ ದಿನದಲ್ಲಿ ಕಲಿಸಿ ಪ್ರಮಾಣಪತ್ರ ಕೊಡುತ್ತಾರಂತೆ, ಕೆಲಸವೂ ಗ್ಯಾರಂಟಿಯಂತೆ. ಸಾಲ ಮಾಡಿ ಶುಲ್ಕ ಕಟ್ಟಲೇ?

ಕಟ್ಟಬೇಡಿ. ಈ ಪ್ರಶ್ನೆ ಬಂದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ. ದುಡಿದು ತಿನ್ನುವ ಮನೆಯಿಂದ ಸಾಲದ ಹಣ ಕಿತ್ತು ಒಂದು ಕಾಗದ ಕೊಟ್ಟು ಕಳುಹಿಸುವುದು ಹಗಲುದರೋಡೆ. ಮೂರು ದಿನದಲ್ಲಿ ಬೋಲ್ಟ್ ಬಿಗಿಯುವುದನ್ನು ಕಲಿಯಬಹುದು. ಅಷ್ಟೇ ಕಲಿತವನಿಗೆ ಘಟಕ ಕಟ್ಟಿ ಮುಗಿದ ದಿನವೇ ಕೆಲಸವೂ ಮುಗಿಯುತ್ತದೆ. ಫಲಕಗಳು ಸುಮಾರು 25 ವರ್ಷ ಬಾಳುತ್ತವೆ, ಫಲಕದ ವಿದ್ಯುತ್ತನ್ನು ಗ್ರಿಡ್‌ಗೆ ಒಗ್ಗುವಂತೆ ಬದಲಿಸುವ ಇನ್ವರ್ಟರ್ ಸಾಮಾನ್ಯವಾಗಿ ಅದಕ್ಕೂ ಮೊದಲೇ ಕೈಕೊಡುತ್ತದೆ. ಅಷ್ಟು ವರ್ಷ ಅನ್ನ ಸಿಗುವುದು ದೋಷ ಹುಡುಕಿ ದುರಸ್ತಿ ಮಾಡಬಲ್ಲ ಕೈಗೆ.

ಫಲಕದ ತಂತಿಗಳನ್ನು ಜೋಡಿಸುವ ಒಂದು ಕನೆಕ್ಟರನ್ನೇ ನೋಡಿ. ತಂತಿಯ ತುದಿಗೆ ಲೋಹದ ಪಿನ್ನನ್ನು ಅದುಮಿ ಬಿಗಿಯುವುದೇ ಕ್ರಿಂಪ್. ತಾಮ್ರದ ನಾಲ್ಕು ಎಳೆ ಹೊರಗುಳಿದರೂ ಕ್ರಿಂಪ್ ಸಡಿಲವಾಗುತ್ತದೆ. ಆ ಜೋಡಣೆ ತಿಂಗಳುಗಟ್ಟಲೆ ಬಿಸಿಯಾಗುತ್ತ, ಪ್ಲಾಸ್ಟಿಕ್ ಕಂದಿ, ಕೊನೆಗೊಂದು ದಿನ ಕರಗುತ್ತದೆ. ಕರೆಂಟ್ ಹರಿಯುತ್ತಿರುವಾಗಲೇ ಅದನ್ನು ಎಳೆದರೆ ಏಳುವ ಆರ್ಕ್, ಅಂದರೆ ಗಾಳಿಯಲ್ಲೇ ಹರಿಯುವ ಉರಿಕಿಡಿ, ಸುಲಭಕ್ಕೆ ಆರುವುದಿಲ್ಲ. 50 ಹರ್ಟ್ಸ್‌ನ ಎಸಿ (ಮನೆಗೆ ಬರುವ, ದಿಕ್ಕು ಬದಲಿಸುತ್ತಿರುವ ಕರೆಂಟ್) ಸೆಕೆಂಡಿಗೆ 100 ಬಾರಿ ಸೊನ್ನೆಗಿಳಿಯುತ್ತದೆ, ಆಗ ಆರ್ಕ್ ಆರಲು ಅವಕಾಶ ಸಿಗುತ್ತದೆ. ಫಲಕದಿಂದ ಬರುವ ಡಿಸಿ (ಒಂದೇ ದಿಕ್ಕಿನ ಕರೆಂಟ್) ಒಮ್ಮೆಯೂ ಇಳಿಯುವುದಿಲ್ಲ. ಮುಖ್ಯ ಸ್ವಿಚ್ ಆರಿಸಿದರೂ ಬಿಸಿಲು ಬೀಳುತ್ತಿರುವ ಫಲಕದಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಇಷ್ಟು ಕೈಗೆ ಹತ್ತಲು ವಾರಗಳು ಬೇಕು. ಸುರಕ್ಷಾ ಬೆಲ್ಟ್ ಕಟ್ಟಿಕೊಳ್ಳದವನನ್ನು ನಾನು ಏಣಿಯ ಮೊದಲ ಮೆಟ್ಟಿಲಿಗೂ ಬಿಡುವುದಿಲ್ಲ. ಅತಿಯಾಯಿತು ಎನ್ನುವವರು ಎನ್ನಲಿ.

ಒಳ್ಳೆಯ ತರಬೇತಿಗಳೂ ಇವೆ. ಕಲಿಯುವ ದಿನಗಳಿಗೆ ಕೂಲಿ ಕೊಡುತ್ತಾರೆಯೇ ಎಂದು ಮೊದಲು ಕೇಳಿ. ದಿನಗೂಲಿ ಬಿಟ್ಟು ಬರುವವನ ಮನೆಯಲ್ಲೂ ಒಲೆ ಉರಿಯಬೇಕು. ಘಟಕದ ನಿರ್ವಹಣೆಗೆ ತರಬೇತಾದವರನ್ನೇ ನೇಮಿಸಬೇಕೆಂದು ಗುತ್ತಿಗೆಯಲ್ಲಿ ಬರೆದಿದೆಯೇ? ಹಿಂದಿನ ತಂಡದ ಇಬ್ಬರನ್ನು ಕಂಡು ಮಾತನಾಡಿ. ಅವರನ್ನು ತೋರಿಸಲು ಸಂಸ್ಥೆ ಮೀನಮೇಷ ಎಣಿಸಿದರೆ ಎದ್ದು ಬನ್ನಿ.

ಪ್ರಶ್ನೆ: ಮೋಡ ಕವಿದರೆ ಘಟಕ ನಿಂತುಹೋಗುತ್ತದೆಯೇ?

ಉತ್ಪಾದನೆ ಇಳಿಯುತ್ತದೆ, ನಿಲ್ಲುವುದಿಲ್ಲ. ಇದನ್ನು ಇನ್ನೆಷ್ಟು ಸಲ ಹೇಳಬೇಕು?

ಪ್ರಶ್ನೆ: ಮಗಳು ಕೇಳುತ್ತಿದ್ದಾಳೆ. ಹೆಣ್ಣುಮಕ್ಕಳಿಗೆ ಈ ಕೆಲಸ ಒಗ್ಗುತ್ತದೆಯೇ?

ಒಗ್ಗುತ್ತದೆ. ನಾನು ಕಲಿಸಿದವರಲ್ಲಿ ಅತಿ ಅಚ್ಚುಕಟ್ಟಾಗಿ ಕ್ರಿಂಪ್ ಮಾಡುವವರು ಇಬ್ಬರು ಹೆಂಗಸರು. ಅವಳನ್ನು ಕಳುಹಿಸಿ.